ಬಿಪಿ, ಪಲ್ಸ್ ಸರಿಯಿದ್ದೂ ಪೇಷೆಂಟ್ ಸರಿಯಿಲ್ಲ ಅನ್ನಿಸಿದರೆ ಡಾಕ್ಟರಿಗೆ ಹೇಗೆ ಹೇಳೋದು?

ನೈಟ್ ಡ್ಯೂಟಿ ಸಿಸ್ಟರ್:

ಸರ್ಜರಿ ವಾರ್ಡಿನಲ್ಲಿ ಎರಡು ವರ್ಷದಿಂದ ಇದ್ದೇನೆ. ರಾತ್ರಿ ಪಾಳಿಗೆ ಮೂವತ್ತೆರಡು ಬೆಡ್‌ಗೆ ನಾನೊಬ್ಬಳೇ. ಹೋದ ತಿಂಗಳು ನಡೆದದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಅರವತ್ತು ದಾಟಿದ ಅಜ್ಜಿ, ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ. ಬಿಪಿಗೆ ಮೆಟೊಪ್ರೊಲೋಲ್ ತಗೊಳ್ತಿದ್ದರು. ರಾತ್ರಿ 2 ಗಂಟೆಗೆ ಬಿಪಿ 108/70, ಪಲ್ಸ್ 88, ಜ್ವರ 99, ಆಕ್ಸಿಜನ್ ಹಾಕದೆ ಸ್ಯಾಚುರೇಷನ್ 94. ಸಂಜೆಯೆಲ್ಲ ಚೆನ್ನಾಗಿ ಮಾತಾಡಿದವರು "ಹೊತ್ತು ಮುಳುಗಿತು, ಕರು ಕಟ್ಟಿಲ್ಲ" ಅಂತ ಮಂಚದಿಂದ ಇಳಿಯೋಕೆ ಹೊರಟರು. ಸೊಸೆ ಗಾಬರಿಯಾಗಿ, "ಎಮ್ಮೆ ಮಾರಿ ಎಷ್ಟೋ ವರ್ಷ ಆಯ್ತು ಸಿಸ್ಟರ್, ಅತ್ತೆ ಹೀಗೆಲ್ಲ ಮಾತಾಡೋರಲ್ಲ" ಅಂದಳು.

ಪಕ್ಕದಲ್ಲಿ ಕೂತು ವಾಚ್ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 26. ಚಾರ್ಟಿನಲ್ಲಿ ಅದಕ್ಕೆ ಮುಂಚೆ 18, 18, 18. ಅದರಲ್ಲೊಂದು 18 ನಾನೇ ಎಣಿಸದೆ ಬರೆದದ್ದು. ಯೂರಿನ್ ಬ್ಯಾಗಿನಲ್ಲಿ ಹಿಂದಿನ ನಾಲ್ಕು ಗಂಟೆಯಲ್ಲಿ ಬರೀ 70 ಎಂಎಲ್.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಏಳನೇ ಬೆಡ್ ಅಜ್ಜಿ ಯಾಕೋ ಸರಿಯಿಲ್ಲ, ಏನೇನೋ ಮಾತಾಡ್ತಿದ್ದಾರೆ" ಅಂದೆ. ಬಿಪಿ, ಪಲ್ಸ್ ಕೇಳಿದರು. "ವಯಸ್ಸಾದವರು, ನಿದ್ದೆಗೆಟ್ಟಿದ್ದಾರೆ, ಬೆಳಿಗ್ಗೆ ನೋಡೋಣ" ಅಂದರು. 4 ಗಂಟೆಗೆ ಮೇಲಿನ ಬಿಪಿ 86. ಆಗ ಓಡಿಬಂದರು. ಕರುಳು ಜೋಡಿಸಿದ ಜಾಗದಲ್ಲಿ ಸೋರಿತ್ತು. ಮತ್ತೆ ಆಪರೇಷನ್, ಐಸಿಯು. ಅಜ್ಜಿ ಬದುಕಿದರು. ಆದರೂ ಆ ಎರಡು ಗಂಟೆ ನನ್ನನ್ನು ಬಿಡುತ್ತಿಲ್ಲ. ಏನು ಹೇಳಿದ್ದರೆ ಅವರು 2 ಗಂಟೆಗೇ ಬರುತ್ತಿದ್ದರು?

ಮ್ಯಾಂಚೆಸ್ಟರ್‌ನ ಕನ್ನಡತಿ:

ಇಲ್ಲಿ ನಾವು ಪೇಷೆಂಟ್ ಹದಗೆಡೋದನ್ನು ಬೇಗ ಹಿಡಿಯೋಕೆ ನ್ಯೂಸ್-2 ಅಂತ ಅಂಕ ಹಾಕುತ್ತೇವೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ್ದು. ನಿಮ್ಮ ಅಜ್ಜಿಗೆ ಹಾಕಿ ನೋಡಿದೆ. ಉಸಿರು 26ಕ್ಕೆ 3. ಸ್ಯಾಚುರೇಷನ್ 94ಕ್ಕೆ 1. ಬಿಪಿ 108ಕ್ಕೆ 1. ಪಲ್ಸಿಗೂ ಜ್ವರಕ್ಕೂ ಸೊನ್ನೆ. ಹೊಸದಾಗಿ ಶುರುವಾದ ಗೊಂದಲಕ್ಕೆ 3, ಇದು 2017ರಲ್ಲಿ ಸೇರಿದ್ದು. ಒಟ್ಟು 8. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಇಲ್ಲಿ ತುರ್ತು ಕರೆ. "ಯಾಕೋ ಸರಿಯಿಲ್ಲ" ಅಂತ ನಿಮಗೆ ಅನ್ನಿಸಿದ್ದು ಬರೀ ಅನ್ನಿಸಿಕೆ ಆಗಿರಲಿಲ್ಲ ತಂಗಿ.

ಐಸಿಯು ಸಿಸ್ಟರ್, 19 ವರ್ಷ:

ಪಲ್ಸ್ 88 ನೋಡಿ ಯಾರೂ ಸಮಾಧಾನ ಪಡಬಾರದಿತ್ತು. ಮೆಟೊಪ್ರೊಲೋಲ್ ಬೀಟಾ ಬ್ಲಾಕರ್, ಹೃದಯದ ಬಡಿತ ತಗ್ಗಿಸುವ ಔಷಧಿ; ಅದು ಒಳಗಿದ್ದರೆ ಹೃದಯ ಓಡಬೇಕೆಂದರೂ ಅಷ್ಟು ಓಡಲ್ಲ. ವಯಸ್ಸಾದವರಿಗೆ ಸೋಂಕು ಜೋರಾಗಿದ್ದರೂ ಎಷ್ಟೋ ಸಲ ಜ್ವರ ಬರಲ್ಲ. ಇನ್ನು 108 ಅಂದರೆ ಯಾರ 108? ಅಡ್ಮಿಷನ್ ದಿನ ಅವರ ಬಿಪಿ ಎಷ್ಟಿತ್ತು, ಕೇಸ್ ಶೀಟ್ ತಿರುವಿ ನೋಡಿ. ದಿನಾ 150 ಇರುವವರಿಗೆ 108 ಅಂದರೆ ಅದು ಬಿದ್ದ ಬಿಪಿ. ಮೂತ್ರದ ಲೆಕ್ಕ ಕೆಜಿಗೆ ಗಂಟೆಗೆ ಅರ್ಧ ಎಂಎಲ್. 55 ಕೆಜಿ ಅಂದುಕೊಂಡರೂ ನಾಲ್ಕು ಗಂಟೆಯಲ್ಲಿ 110 ಬರಬೇಕಿತ್ತು.

ಆ ಸೊಸೆ ಹೇಳಿದ ಮಾತನ್ನೂ ಹಾಗೇ ಚಾರ್ಟಿನಲ್ಲಿ ಬರೆಯಬೇಕು. ನಮಗೆ ಅಜ್ಜಿ ಗೊತ್ತಿರೋದು ನಾಲ್ಕು ದಿನದಿಂದ, ಅವಳಿಗೆ ಇಡೀ ಸಂಸಾರದಿಂದ.

ಡ್ಯೂಟಿ ಡಾಕ್ಟರ್ (ಪಿಜಿ):

ಇಂಥ ಫೋನಿನ ಇನ್ನೊಂದು ತುದಿಯಲ್ಲಿ ಇರುವವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ನಿದ್ದೆಗಣ್ಣಲ್ಲಿ "ಏನೇನೋ ಮಾತಾಡ್ತಿದ್ದಾರೆ" ಅಂತ ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಹೀಗೆ ಹೇಳಿ: "ಕರುಳು ಜೋಡಿಸಿ ನಾಲ್ಕನೇ ದಿನ. ಉಸಿರು 26, ನಾನೇ ಎಣಿಸಿದ್ದೇನೆ. ಸಂಜೆ ಇಲ್ಲದ ಗೊಂದಲ ಈಗಿದೆ. ನಾಲ್ಕು ಗಂಟೆಯಲ್ಲಿ 70 ಎಂಎಲ್ ಯೂರಿನ್. ಬೀಟಾ ಬ್ಲಾಕರ್ ಮೇಲಿದ್ದಾರೆ, ಪಲ್ಸ್ ನಂಬೋಕಾಗಲ್ಲ. ಲೀಕ್ ಇರಬಹುದು ಅನ್ನಿಸುತ್ತಿದೆ. ನೀವು ಈಗಲೇ ಬಂದು ನೋಡಬೇಕು."

ಕೊನೆಯ ವಾಕ್ಯ ತುಂಬಾ ಮುಖ್ಯ. ಸಿಸ್ಟರ್‌ಗಳು ಎಷ್ಟೋ ಸಲ ಎಲ್ಲ ಹೇಳಿ ಅದೊಂದನ್ನು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಬರಲ್ಲ ಅಂದರೆ ಟೈಮ್ ಸಮೇತ ಬರೆದು, ಯೂನಿಟ್ ಚೀಫ್‌ಗೆ ಫೋನ್ ಮಾಡಿ. ನನಗೆ ಬೇಜಾರಾದರೆ ಆಗಲಿ.

ನೈಟ್ ಡ್ಯೂಟಿ ಸಿಸ್ಟರ್:

ಕೇಸ್ ಶೀಟ್ ತೆಗೆಸಿ ನೋಡಿದೆ. ಅಡ್ಮಿಷನ್ ಬಿಪಿ 152/90. ಅವತ್ತು ಆ ಪುಟ ನನ್ನ ಕೈಯಲ್ಲೇ ಇತ್ತು, ತಿರುವಿರಲಿಲ್ಲ.

ಇವತ್ತು ಮತ್ತೆ ಅದೇ ವಾರ್ಡು. ಎಲ್ಲರ ಉಸಿರು ಒಂದೊಂದು ನಿಮಿಷ ಎಣಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು. ಹದಿನಾಲ್ಕನೇ ಬೆಡ್‌ನವರಿಗೆ 22 ಇದೆ, ಮಾತು ಸರಿಯಾಗಿದೆ, ನೋವು ಅಂತಿದ್ದಾರೆ. ನೋವಿನ ಇಂಜೆಕ್ಷನ್ ಕೊಟ್ಟಿದ್ದೇನೆ. ಒಂದು ಗಂಟೆಗೆ ಮತ್ತೆ ಎಣಿಸಬೇಕು, ಹೊರಡುತ್ತೇನೆ.