ಕ್ಲೌನ್ ಮೀನು ಅವ್ವನ ಕಂಡ್ರ ಓಡಿ ಬರ್ತಾವ, ನನ್ನ ಕಂಡ್ರ ಕಚ್ಚತಾವ. ಯಾಕ?

ರಾಯಚೂರು_ರೀಫ್:
ಎಲ್ಲಾರಿಗೂ ನಮಸ್ಕಾರ್ರಿ. ರಾಯಚೂರಿನ್ಯಾಗ ಮನಿಯೊಳಗ ಮೂರು ಫೂಟಿನ ಸಮುದ್ರದ ನೀರಿನ ಟ್ಯಾಂಕ್ ಇಟ್ಟೀನಿ, ಸುಮಾರು 190 ಲೀಟರ್. ಲೈವ್ ರಾಕ್ (ಸೂಕ್ಷ್ಮಜೀವಿ ಇರೋ ಸಮುದ್ರದ ಕಲ್ಲು), ಒಂದು ಕ್ಲೀನರ್ ಸಿಗಡಿ, ಚೆನ್ನೈ ಕೊಳತ್ತೂರಿಂದ ತಂದ ಎರಡು ಆಸೆಲಾರಿಸ್ ಕ್ಲೌನ್ ಮೀನು.

ಅವ್ವ ಡಬ್ಬಿ ಹಿಡಕೊಂಡು ಬಂದ್ರ ಸಾಕು, ಎರಡೂ ಗಾಜಿಗೆ ಮೂಗು ಹಚ್ಚಿ ಕುಣಿತಾವ. ರೊಕ್ಕ ಹಾಕಿದಾವ ನಾನು, ಉಪ್ಪು ಕಲಸಾವ ನಾನು, ಗಾಜು ತಿಕ್ಕಾವ ನಾನು. ನಾ ಕೈ ಇಳಿಸಿದ್ರ ದೊಡ್ಡದು ಬೆರಳು ಕಚ್ಚತದ, ಸಣ್ಣದು ಕಲ್ಲಿನ ಹಿಂದ ಕೂಡ್ತದ. ಮೀನಿಗೆ ಮನಷಾರ ಗುರ್ತು ಹತ್ತತದೇನ್ರಿ? ಕೈಯಾಗಿಂದ ತಿನ್ನೋ ರೂಢಿ ಮಾಡಸೋದು ಹೆಂಗ? ಬ್ಯಾಸಿಗಿ ಬ್ಯಾರೆ ಬಂತು, ಮಧ್ಯಾಹ್ನ ನೀರು 30 ಡಿಗ್ರಿ ತೋರಸ್ತದ. ಶಕ್ತಿನಗರದಾಗ ಕರೆಂಟ್ ಹುಟ್ಟಿದ್ರೂ ನಮ್ಮ ಓಣ್ಯಾಗ ಹೋಗೋದು ಹೋಗ್ತದ.

ಬಳ್ಳಾರಿ_ಉಪ್ಪುನೀರು:
ತಮ್ಮಾ, ದೊಡ್ಡದು ಹೆಣ್ಣು. ಕ್ಲೌನ್ ಮೀನುಗಳು ಬೆಳೆಯೋದು ಮೊದಲು ಗಂಡಾಗೇ. ಗುಂಪಿಗೆ ಯಜಮಾನಿ ಆದದ್ದು ಹೆಣ್ಣಾಗ್ತದೆ, ಅದು ಸತ್ರೆ ಅದರ ಜೋಡಿ ಗಂಡೇ ಹೆಣ್ಣಾಗ್ತದೆ. ಆ ಮೂಲೆ ಆಕೆಯ ಮನೆ, ನೀನು ದಿನಾ ಬಂದು ಅಂಗಳ ಕೆದರ್ತೀಯ. ನಿಮ್ಮವ್ವನ ಕೈ ನೀರಿಗೆ ಇಳಿಯೋದೇ ಇಲ್ಲ, ಅವರ ಕಡೆಯಿಂದ ಬರೋದು ಊಟ ಮಾತ್ರ. ನ್ಯಾಯ ಯಾರ ಕಡೆ ಅಂತ ನೀನೇ ಹೇಳು.

ಗುರುತಿನ ಮಾತು ಕೇಳಿದಿ. ಬಾಯಿಂದ ನೀರು ಚಿಮ್ಮಿಸಿ ಹುಳ ಬೀಳಿಸೋ ಆರ್ಚರ್ ಮೀನು ಇದೆಯಲ್ಲ, ಪರದೆ ಮೇಲಿನ ಮನುಷ್ಯರ ಮುಖಗಳಲ್ಲಿ ಕಲಿತ ಮುಖಕ್ಕೇ ಗುರಿಯಿಟ್ಟು ಉಗುಳ್ತದೆ ಅಂತ 2016ರಲ್ಲಿ ವಿಜ್ಞಾನಿಗಳು ತೋರಿಸಿದ್ರು. ಕ್ಲೌನ್‌ಗೂ ಅಷ್ಟೇ ಬುದ್ಧಿ ಅಂತ ನಾನು ಹೇಳಲ್ಲ, ಆದ್ರೆ ಡಬ್ಬಿ ಹಿಡಿದವರು ಯಾರು ಅನ್ನೋದು ಗೊತ್ತಾಗ್ತದೆ.

ಗಾಜು ತಿಕ್ಕೋ ಹೊತ್ತು ಬೇರೆ, ಊಟದ ಹೊತ್ತು ಬೇರೆ ಮಾಡು. ಊಟಕ್ಕೆ ದಿನಾ ಒಂದೇ ಜಾಗ. ವೇವ್ ಮೇಕರ್ (ನೀರು ಕಲಕೋ ಪಂಪ್) ನಿಲ್ಲಿಸಿ, ಫ್ರೀಜ್ ಮಾಡಿದ ಮೈಸಿಸ್ ಅನ್ನೋ ಪುಟ್ಟ ಸಿಗಡಿಯ ಮಂಜು ಕರಗಿಸಿ ಉದ್ದನೆ ಪಿಪೆಟ್ ಕೊಳವೆಯಿಂದ ಬಿಡು. ಅದಕ್ಕೆ ಹೊಂದಿಕೊಂಡ ಮೇಲೆ ಪಿಪೆಟ್ ಇಷ್ಟಿಷ್ಟೇ ಮೇಲಕ್ಕೆ ಹಿಡಿ, ಕೊನೆಗೆ ಬೆರಳು. ಕೈಯಲ್ಲಿ ಸಾಬೂನು, ಸ್ಯಾನಿಟೈಸರ್, ಕೊಬ್ಬರಿ ಎಣ್ಣೆ ಏನೂ ಇರಬಾರದು.

ಆದ್ರೆ ಮೊದಲು ಆ 30 ಡಿಗ್ರಿ ಇಳಿಸು. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಮಾತ್ರ ಹೆಚ್ಚು ಬೇಕು. ಕಲ್ಲಿನ ಹಿಂದೆ ಕೂತದ್ದು ಹೆದರಿಕೆಯೋ ಏದುಸಿರೋ, ಕಿವಿರು ನೋಡು. ನೀರು ತಣ್ಣಗೆ ಮಾಡೋ ಚಿಲ್ಲರ್ ಯಂತ್ರ ದುಬಾರಿ. ನಮ್ಮ ಕಡೆ ಗಾಳಿ ಒಣಗಿರ್ತದೆ, ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಹಚ್ಚಿದ್ರೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ. ತೆರೆದ ಟ್ಯಾಂಕಿಂದ ಮೀನು ಜಿಗೀತಾವೆ, ಮೇಲೆ ಬಲೆ ಹಾಕು. ಕರೆಂಟ್ ಹೋದಾಗ ಇನ್ವರ್ಟರ್ ವೇವ್ ಮೇಕರ್‌ಗೆ ಇರಲಿ. ಲೈಟ್ ಆರಿದ್ರೆ ಯಾರೂ ಸಾಯಲ್ಲ.

ಗಂಗಾವತಿ_ಅಕ್ಕ:
ಫ್ಯಾನ್ ಹಚ್ಚಿದ್ರ ನೀರು ಭಾಳ ಆರ್ತೈತಿ, ಕೊಡಗಟ್ಟಲೆ. ಆರೋದು ನೀರು ಅಷ್ಟ, ಉಪ್ಪು ಒಳಗ ಉಳೀತೈತಿ. ಅದಕ್ಕ ಮೇಲೆ ಹಾಕೋದು ಬರೇ ಆರ್‌ಓ ನೀರು, ಉಪ್ಪು ಕಲಸಿದ್ದಲ್ಲ. ಬೋರಿನ ನೀರಂತೂ ಬ್ಯಾಡೇ ಬ್ಯಾಡ. ಟ್ಯಾಂಕಿನ ನೀರಿನ ಸಾಂದ್ರತೆ (ಸಿಹಿನೀರು 1 ಅಂದ್ರ) 1.025ರ ಹತ್ರ ನಿಲ್ಲಸ್ರಿ.

ಯಾರಾರ ಗಟ್ಟಿ ಹವಳ ಮಾರಾಕ ಬಂದ್ರ ತಗೋಬ್ಯಾಡ್ರಿ. ದಿಬ್ಬ ಕಟ್ಟೋ ಹವಳ ಎಲ್ಲಾ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಾಗ ಅದಾವ, ಹುಲಿ ಇದ್ದಲ್ಲೇ. ನೋಡೋ ಆಸೆ ಇದ್ರ ಮುರ್ಡೇಶ್ವರಕ್ಕ ಹೋಗಿ ನೇತ್ರಾಣಿ ದ್ವೀಪದ ಹತ್ರ ಮುಳುಗಿ ಬರ್ರಿ.

ಮತ್ತ, ಮೀನು ಕುಣಿಯೋದು ಪ್ರೀತಿಗಲ್ಲ, ಹಸಿವಿಗೆ. ಕುಣಿದಾಗೆಲ್ಲ ಹಾಕಬ್ಯಾಡಂತ ನಿಮ್ಮವ್ವಗ ಹೇಳ್ರಿ, ಉಳಿದದ್ದು ಕೊಳೆತು ನೀರು ಕೆಡತೈತಿ.

ರಾಯಚೂರು_ರೀಫ್:
ಅವ್ವಗ ಓದಿ ಹೇಳಿದೆ ಅಕ್ಕಾರ. "ನೀ ಏನ್ ಹಸಿವಿಲ್ದ ನನ್ನ ಹತ್ರ ಬರ್ತಿಯೇನು?" ಅಂದ್ಳು. ಫ್ಯಾನ್ ಇವತ್ತ ಹಚ್ಚೀನಿ, 28ಕ್ಕ ಬಂದದ. ನೀರಿನ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಆರ್‌ಓ ನೀರಿಗೆ ಸೊನ್ನಿ ತೋರಸ್ತದ. ಹಂಗಾದ್ರ ಸರಿ ಅದ ಅಂತ ನಂಬಬಹುದೇನ್ರಿ?

ಬಳ್ಳಾರಿ_ಉಪ್ಪುನೀರು:
ಸೊನ್ನೆ ಸರಿ ಇದ್ದು 35ರಲ್ಲಿ, ಅಂದ್ರೆ ಸಮುದ್ರದ ನೀರಿನ ಉಪ್ಪಿನ ಮಟ್ಟದಲ್ಲಿ, ತಪ್ಪು ತೋರಿಸೋವು ಇರ್ತಾವೆ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಕ್ಯಾಲಿಬ್ರೇಶನ್ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗ್ತದೆ, ಅದರಲ್ಲಿ ಹೊಂದಿಸ್ಕೋ.