ಬಾಡಿಗೆಗೆ ಬರುವವರ ಹೆಸರು ನೋಡುದು ಸೆಕ್ಯೂರಿಟಿಯಾ? ಅಸೋಸಿಯೇಶನ್‌ನಲ್ಲಿ ಇದ್ದವರು ಸ್ವಲ್ಪ ಹೇಳಿ

ಕೊಟ್ಟಾರದ ಸೆಕ್ರೆಟರಿ

ನಮ್ದು ಮಂಗಳೂರಲ್ಲಿ 32 ಮನೆಯ ಅಪಾರ್ಟ್‌ಮೆಂಟ್. ಯಾರೂ ಒಪ್ಲಿಲ್ಲ ಅಂತ ಈ ವರ್ಷ ಸೆಕ್ರೆಟರಿ ಪಟ್ಟ ನನ್ನ ತಲೆಗೆ ಬಿತ್ತು, ಲಿಫ್ಟು ನೀರು ಪಾರ್ಕಿಂಗ್ ಇಷ್ಟರಲ್ಲೇ ಮುಗೀತದೆ ಅಂದ್ಕೊಂಡಿದ್ದೆ. ಈಗ ಮೂರನೇ ಮಾಳಿಗೆಯ ಓನರ್ ದುಬೈಯಲ್ಲಿದ್ದಾರೆ, ಅವ್ರು ಫ್ಲಾಟನ್ನು ಒಂದು ಬ್ಯಾರಿ (ಕರಾವಳಿಯ ಮುಸ್ಲಿಂ) ಫ್ಯಾಮಿಲಿಗೆ ಬಾಡಿಗೆಗೆ ಕೊಡ್ಲಿಕ್ಕೆ ಹೊರಟಿದ್ದಾರೆ, ಗಂಡ ಹೆಂಡ್ತಿ ಇಬ್ರೂ ಕಾಲೇಜಲ್ಲಿ ಪಾಠ ಮಾಡುವವರು, ಒಂದು ಸಣ್ಣ ಮಗು. ಭಾನುವಾರದ ಮೀಟಿಂಗಲ್ಲಿ ಒಬ್ರು ಹಿರಿಯರು ಎದ್ದು ಹೇಳಿದ್ರು, "ನಂಗೆ ಯಾರ ಮೇಲೂ ದ್ವೇಷ ಇಲ್ಲ, ಆದ್ರೆ ಕಾಲ ಸರಿ ಇಲ್ಲ, ಅವರ ಹತ್ರ ಮಾತ್ರ ಎರಡು ಲೋಕಲ್ ರೆಫರೆನ್ಸ್ ತಗೊಳ್ಳಿ, ಮತ್ತೆ ನಾಲ್ಕನೇ ಮಾಳಿಗೆಯಲ್ಲಿ ಟೈಲ್ಸ್ ಕೆಲಸ ಮಾಡುವ ಹುಡುಗರು ಬಾಂಗ್ಲಾದವರಲ್ಲ ಅಂತ ಪ್ರೂಫ್ ತಗೊಳ್ಳಿ." ಅರ್ಧ ಜನ ತಲೆ ಅಲ್ಲಾಡಿಸಿದ್ರು, ಇನ್ನರ್ಧ ಮೊಬೈಲ್ ನೋಡ್ತಾ ಕೂತ್ರು. ನಂಗೆ ಅದು ಸರಿ ಕಾಣ್ಲಿಲ್ಲ, ಆದ್ರೆ ಎದುರು ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ. ನಾಳೆ ಏನಾದ್ರೂ ಆದ್ರೆ ಸೆಕ್ರೆಟರಿ ಹೆಸರೇ ಮೊದಲು ಬರುದಲ್ವಾ. ನಿಮ್ಮಲ್ಲಿ ಹೇಗೆ ಮಾಡ್ತೀರಿ?

ನಾಗುರಿಯವ

ನಿಮ್ಮ ಹಿರಿಯರನ್ನು ಬೈಲಿಕ್ಕೆ ನಂಗೆ ಬಾಯಿ ಬರುದಿಲ್ಲ ಮಾರಾಯ್ರೆ. 2022 ನವೆಂಬರ್ 19ರ ಸಂಜೆ ರಿಕ್ಷಾದಲ್ಲಿ ಕುಕ್ಕರ್ ಸಿಡಿದದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಮೊದಲು ರಿಕ್ಷಾಕ್ಕೆ ಬೆಂಕಿ ಹಿಡಿದದ್ದು ಅಂತ ಎಲ್ಲರೂ ಅಂದ್ಕೊಂಡದ್ದು, ಮರುದಿನ ಡಿಜಿಪಿಯೇ ಇದು ಭಯೋತ್ಪಾದಕ ಕೃತ್ಯ ಅಂದ್ರು, ಆಮೇಲೆ ಎನ್‌ಐಎ ಬಂತು. ಅದೇ ರಸ್ತೆಯಲ್ಲಿ ನಮ್ಮ ಮಕ್ಕಳು ಟ್ಯೂಶನ್‌ಗೆ ಹೋಗುದು. ಹೆದರಿದವರನ್ನೆಲ್ಲ ಕೋಮುವಾದಿ ಅಂದ್ರೆ ಹೆದರಿಕೆ ಹೋಗುದಿಲ್ಲ, ಬಾಯಿ ಮುಚ್ತಾರೆ ಅಷ್ಟೆ, ಮತ್ತೆ ವಾಟ್ಸಾಪಲ್ಲಿ ಎಲ್ಲಾ ಕಕ್ಕುದು. ಚೆಕ್ ಮಾಡ್ಲೇಬೇಕು.

ಪಡೀಲ್ ಜಂಕ್ಷನ್

@ನಾಗುರಿಯವ ಚೆಕ್ ಮಾಡ್ಬಾರ್ದು ಅಂತ ಯಾರು ಹೇಳಿದ್ದು? ನೀವು ಹೇಳಿದ ಕೇಸನ್ನೇ ತಗೊಳ್ಳಿ. ಆ ಆರೋಪಿ ಮೈಸೂರಲ್ಲಿ ರೂಮ್ ಮಾಡಿದ್ದು ಯಾವ ಹೆಸರಲ್ಲಿ? ಹಿಂದೂ ಹೆಸರಲ್ಲಿ, ಬೇರೆ ಯಾರದ್ದೋ ಕಳೆದುಹೋದ ಆಧಾರ್ ಕಾರ್ಡ್ ಕೊಟ್ಟು. ಅಂದ್ರೆ "ಅವರ ಹತ್ರ ಮಾತ್ರ ರೆಫರೆನ್ಸ್" ರೂಲ್ ಇರುವ ಬಿಲ್ಡಿಂಗಿಗೆ ಅವ ಬಂದಿದ್ರೆ ಸೀದಾ ಒಳಗೆ, ಹೊರಗೆ ಉಳಿಯುದು ಈ ಪಾಠ ಮಾಡುವ ಗಂಡ ಹೆಂಡ್ತಿ! ಇನ್ನೊಂದು, 2020 ಜನವರಿಯಲ್ಲಿ ಬಜ್ಪೆ ಏರ್‌ಪೋರ್ಟಲ್ಲಿ ಬಾಂಬಿನ ಬ್ಯಾಗ್ ಸಿಕ್ಕಿದ್ದು ನೆನಪುಂಟಲ್ಲ, ಕೆಂಜಾರಿನ ಮೈದಾನಕ್ಕೆ ಒಯ್ದು ಸ್ಫೋಟಿಸಿದ್ದು. ಆ ಎರಡು ದಿನ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದ ಮೆಸೇಜ್ ಈಗ ತೆಗೆದು ನೋಡಿದ್ರೆ ನಾಚಿಕೆ ಆಗ್ತದೆ. ಕೊನೆಗೆ ಬೆಂಗಳೂರಲ್ಲಿ ಪೊಲೀಸರಿಗೆ ಶರಣಾದವ ಮುಸ್ಲಿಮನೇ ಅಲ್ಲ, ಮಣಿಪಾಲದ ಇಂಜಿನಿಯರ್. ಆಮೇಲೆ ಗ್ರೂಪಲ್ಲಿ ಯಾರೂ ಒಂದು ಸಾರಿ ಅಂತ ಹಾಕ್ಲಿಲ್ಲ, ಗುಡ್ ಮಾರ್ನಿಂಗ್ ಹೂವು ಬಂತು.

ಕಪ್ಪು ಕೋಟು

ಕಾನೂನಿನ ವಿಷ್ಯ, ಬೇಜಾರು ಮಾಡ್ಬೇಡಿ. ಸಂವಿಧಾನದ 15(2) ಅಂಗಡಿ, ಹೋಟೆಲ್, ಬಾವಿ, ರಸ್ತೆ ಇಂತಹ ಕಡೆ ಧರ್ಮ ಜಾತಿ ನೋಡಿ ತಡೀಬಾರ್ದು ಅನ್ನುತ್ತೆ, ಮನೆ ಬಾಡಿಗೆ ಅದ್ರಲ್ಲಿ ಇಲ್ಲ. 2005ರಲ್ಲಿ ಅಹ್ಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿ ಕೇಸಲ್ಲಿ ಸುಪ್ರೀಂ ಕೋರ್ಟ್ ಪಾರ್ಸಿಗಳಿಗೆ ಮಾತ್ರ ಅನ್ನುವ ಬೈಲಾವನ್ನೇ ಎತ್ತಿಹಿಡಿದಿದೆ. ಹಾಗಾಗಿ "ಕೋರ್ಟಿಗೆ ಹೋಗ್ತೇನೆ" ಅಂತ ಹಿರಿಯರನ್ನು ಹೆದರಿಸ್ಲಿಕ್ಕೆ ಹೋಗ್ಬೇಡಿ, ಅವರಿಗೂ ಒಬ್ಬ ವಕೀಲ ಸಿಗ್ತಾನೆ. ಆದ್ರೆ ಆಧಾರ್ ನೋಡಿ "ಇವ ಭಾರತೀಯ" ಅಂತ ತೀರ್ಮಾನ ಮಾಡುದೂ ತಪ್ಪು, ಆಧಾರ್ ಪೌರತ್ವದ ಪ್ರೂಫ್ ಅಲ್ಲ ಅಂತ ಆಧಾರ್ ಕಾಯ್ದೆಯ ಸೆಕ್ಷನ್ 9ರಲ್ಲೇ ಉಂಟು. ನಿಮ್ಮ ಕೆಲಸ ಕಾರ್ಡಿನ ಕ್ಯೂಆರ್ ಸ್ಕ್ಯಾನ್ ಮಾಡಿ ಫೋಟೋ ಅದೇ ಮುಖದ್ದಾ ಅಂತ ನೋಡುದು, ವಿವರ ಸ್ಟೇಶನ್‌ಗೆ ಕೊಡುದು. ಪೌರತ್ವ ಡಿಸೈಡ್ ಮಾಡ್ಲಿಕ್ಕೆ ಅಸೋಸಿಯೇಶನ್‌ಗೆ ಪವರ್ ಯಾರು ಕೊಟ್ಟದ್ದು?

ಮಲ್ಪೆ ದಕ್ಕೆ

ಬಾಂಗ್ಲಾ ವಿಷ್ಯ ಬಂದದ್ದಕ್ಕೆ ಹೇಳ್ತೇನೆ. 2024ರಲ್ಲಿ ನಮ್ಮ ಮಲ್ಪೆಯಲ್ಲೇ ನಕಲಿ ಆಧಾರ್ ಇಟ್ಕೊಂಡ ಬಾಂಗ್ಲಾದೇಶಿಗಳು ಸಿಕ್ಕಿದ್ರು, ಸುಳ್ಳಲ್ಲ. ಆದ್ರೆ ಬೀದಿಯಲ್ಲಿ ಯಾರೋ ಬೆಂಗಾಲಿ ಮಾತಾಡಿದ್ದು ಕೇಳಿ ಸಿಕ್ಕಿದ್ದಲ್ಲ, ಒಬ್ಬ ಏರ್‌ಪೋರ್ಟಿನ ಇಮಿಗ್ರೇಶನ್‌ನಲ್ಲಿ ಸಿಕ್ಕಿಬಿದ್ದು ಉಳಿದವರ ಕಥೆ ಹೊರಗೆ ಬಂದದ್ದು. ನಮ್ಮ ದಕ್ಕೆಯಲ್ಲಿ ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದ ಹುಡುಗರು ಇಲ್ಲದಿದ್ರೆ ಬೋಟ್ ಇಳಿಯುದೇ ಇಲ್ಲ, ಬೆಂಗಾಲಿ ನಮ್ಮ ನೋಟಿನ ಮೇಲೂ ಉಂಟಲ್ಲ. 26/11ರ ಮುಂಬೈ ದಾಳಿಯಲ್ಲಿ ಉಗ್ರರು ಬಂದದ್ದು ಗುಜರಾತಿನ ಮೀನಿನ ಬೋಟನ್ನೇ ಹಿಡ್ಕೊಂಡು, ಅದರ ನಂತ್ರ ಮೀನುಗಾರರಿಗೆಲ್ಲ ಬಯೋಮೆಟ್ರಿಕ್ ಕಾರ್ಡ್ ಮಾಡಿದ್ರು. ಮೊಗವೀರರಿಗೂ ಅದೇ, ಬ್ಯಾರಿಗಳಿಗೂ ಅದೇ, ಕ್ರಿಶ್ಚನ್ನರಿಗೂ ಅದೇ ಕಾರ್ಡ್. ಕರಾವಳಿ ಕಾವಲು ಪೊಲೀಸರು ಬೋಟ್ ನಿಲ್ಸಿ ಕಾರ್ಡ್ ಕೇಳಿದ್ರೆ ನಂಗೆ ಅವಮಾನ ಆಗುದಿಲ್ಲ, ಯಾಕಂದ್ರೆ ಪಕ್ಕದ ಬೋಟಿನವನ ಹತ್ರವೂ ಕೇಳ್ತಾರೆ.

ಬಂದರಿನ ಬ್ಯಾರಿ

ಓದ್ತಾ ಇದ್ದೆ, ಬರೀಬಾರ್ದು ಅಂತಿದ್ದೆ. ನನ್ನ ಅಜ್ಜ ಬಂದರಿನಲ್ಲಿ ಅಕ್ಕಿ ಮಂಡಿ ಇಟ್ಟವರು, ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ನಾನು ಓದಿದ್ದು ಕನ್ನಡ ಮೀಡಿಯಂ. ಮದುವೆ ಆದ ಮೇಲೆ ಬಾಡಿಗೆ ಮನೆ ಹುಡುಕುವಾಗ ಫೋನಲ್ಲಿ ನನ್ನ ತುಳು ಕೇಳಿ ಒಬ್ರು "ಬಲೆ ಬಲೆ, ನಾಳೆಯೇ ಬನ್ನಿ" ಅಂದ್ರು, ಹೆಸರು ಹೇಳಿದ್ದೇ ತಡ ಫ್ಲಾಟಿಗೆ ಇದ್ದಕ್ಕಿದ್ದ ಹಾಗೆ ಬೇರೆ ಪಾರ್ಟಿ ಬಂದುಬಿಡ್ತು. ಹೀಗೆ ಐದಾರು ಸಲ. ಊರಲ್ಲಿ ಗಲಾಟೆ ಆದಾಗೆಲ್ಲ ಶಾಂತಿಸಭೆಯಲ್ಲಿ ಮೂಲ್ಕಿ ಬಪ್ಪನಾಡಿನ ಕಥೆ ಹೇಳ್ತಾರೆ, ಬಪ್ಪ ಬ್ಯಾರಿ ದೇವಸ್ಥಾನ ಕಟ್ಟಿಸಿದ್ದು, ಇವತ್ತಿಗೂ ಆ ಮನೆತನಕ್ಕೆ ಪ್ರಸಾದ ಕೊಡುದು. ಕೇಳ್ಲಿಕ್ಕೆ ನಂಗೂ ಖುಷಿಯೇ, ಆದ್ರೆ ಬಾಡಿಗೆಗೆ ಮನೆ ಕೊಡುವಾಗ ಬಪ್ಪ ಬ್ಯಾರಿ ಯಾರಿಗೂ ನೆನಪಾಗುದಿಲ್ಲ. ನಮ್ಮವರೂ ಕಮ್ಮಿ ಇಲ್ಲ, "ನಮ್ಮವರಿಗೆ ಮಾತ್ರ" ಅನ್ನುವ ಬಿಲ್ಡಿಂಗ್ ನಾನು ಈಗ ಇರುವುದೇ. ಮಗ ಎರಡನೇ ಕ್ಲಾಸು, ಬಿಲ್ಡಿಂಗಲ್ಲಿ ಅವನ ಜೊತೆ ಆಡುವವರಲ್ಲಿ ಒಬ್ಬನಿಗೂ ತುಳು ಬರುದಿಲ್ಲ.

ಸೆಕ್ರೆಟರಿಯವ್ರೆ, ಪೇಪರ್ ಎಷ್ಟು ಬೇಕಾದ್ರೂ ಕೇಳಿ, ಕೊಡ್ತಾರೆ. 31 ಮನೆಗೆ ಕೇಳದ್ದನ್ನು ಅವರೊಬ್ಬರಿಗೆ ಕೇಳ್ಬೇಡಿ, ಅಷ್ಟೆ.

ನಾಗುರಿಯವ

@ಪಡೀಲ್ ಜಂಕ್ಷನ್ ಆ ಆಧಾರ್ ವಿಷ್ಯ ನಾನು ಆಲೋಚನೆ ಮಾಡಿರ್ಲಿಲ್ಲ, ಒಪ್ಪಿದೆ. ಆದ್ರೂ ಹೆದರಿಕೆ ಲಾಜಿಕ್ ಕೇಳುದಿಲ್ಲ, ಕುಕ್ಕರ್ ಹಿಡ್ಕೊಂಡು ಬಸ್ಸಿಗೆ ಹತ್ತಿದವರನ್ನು ಈಗಲೂ ಎರಡು ಸಲ ನೋಡ್ತೇನೆ, ಮೊನ್ನೆ ನೋಡಿದ್ದು ನಮ್ಮ ಚಿಕ್ಕಮ್ಮನನ್ನೇ.

ಕೊಟ್ಟಾರದ ಸೆಕ್ರೆಟರಿ

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಒಂದು ಪುಟದ ಫಾರ್ಮ್ ಮಾಡಿದೆ, ಐಡಿ ಕಾಪಿ, ಆಧಾರ್ ಸ್ಕ್ಯಾನ್, ಕೆಲಸದ ಜಾಗ, ಒಂದು ರೆಫರೆನ್ಸ್, ಸ್ಟೇಶನ್‌ಗೆ ಮಾಹಿತಿ ಕೊಟ್ಟ ದಿನ. ಹೊಸತಾಗಿ ಬರುವ ಎಲ್ಲಾ ಬಾಡಿಗೆಯವರಿಗೆ, ಈಗ ಇರುವವರಿಗೆ, ಕಂಟ್ರಾಕ್ಟರ್ ಮೂಲಕ ಟೈಲ್ಸಿನ ಹುಡುಗರಿಗೂ ಇದೇ. ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ದಕ್ಕೆ ಆ ಹಿರಿಯರು ಕೂಡ್ಲೆ ಫೋನ್ ಮಾಡಿ, "ಎಂತ ಮಾರಾಯ, ನಮ್ಮ ಮೇಲಿನ ಫ್ಲಾಟಲ್ಲಿ ನನ್ನ ತಂಗಿ ಮಗ ಬಾಡಿಗೆಗೆ ಇರುದು, ಅವನೂ ಸ್ಟೇಶನ್‌ಗೆ ಹೋಗ್ಬೇಕಾ?" ಅಂತ ಕೇಳಿದ್ರು. ಹೌದು ಮಾವ, ಅವನದ್ದೇ ಮೊದಲು ಮಾಡುವ ಅಂದೆ. ಇಟ್ಬಿಟ್ರು. ಆಮೇಲೆ ಫಾರ್ಮ್ ಅವರಿಗೆ ಬೇರೆಯಾಗಿ ಕಳಿಸಿದೆ, ಬ್ಲೂ ಟಿಕ್ ಬಂದಿದೆ, ಉತ್ತರ ಬರ್ಲಿಲ್ಲ.