ಕೌನ್ಸೆಲರ್ ಬರೀ ಕೇಳಿಸ್ಕೊಳ್ತಾರೆ, ಏನೂ ಹೇಳಲ್ಲ. ಇದು ಸರೀನಾ?

ಮಲ್ನಾಡ್_ಮಳೆ:
ಬೆಂಗಳೂರಲ್ಲಿದೀನಿ, ಒಬ್ರು ಸೈಕಾಲಜಿಸ್ಟ್ ಹತ್ರ ನಾಲ್ಕು ಸೆಷನ್ ಆಯ್ತು. ವಿಷ್ಯ ಇಷ್ಟೇ, ಅಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿದೆ, ಫೋನ್ ಮಾಡ್ಲಾ ಬೇಡ್ವಾ ಅಂತ ಕೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಮಾತಾಡ್ಬೇಕು ಅಂತಾನೂ ಇದೆ, ಮೊದ್ಲು ನಾನ್ಯಾಕೆ ಅನ್ನೋದೂ ಇದೆ ಅಲ್ವಾ" ಅಂದ್ರು. ಅದು ನಂಗೂ ಗೊತ್ತು ಮೇಡಂ! ದುಡ್ಡು ಕೊಟ್ಟು ನನ್ ಮಾತೇ ವಾಪಸ್ ಕೇಳಿಸ್ಕೊಂಡು ಬರೋದಾ? ಕೇಳಿದ್ರೆ ಇದು ಕ್ಲೈಂಟ್ ಸೆಂಟರ್ಡ್ ಥೆರಪಿ, ಬಂದವ್ರೇ ದಾರಿ ಕಂಡ್ಕೊಳ್ಳೋ ವಿಧಾನ ಅಂತಾರೆ.

ಪುಸ್ತಕದ_ಹುಳ:
ಎಂಎಸ್ಸಿ ಸೈಕಾಲಜಿ ಮಾಡ್ತಿದೀನಿ, ಗೊತ್ತಿರೋಷ್ಟು ಹೇಳ್ತೀನಿ. ಇದು ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಶುರು ಮಾಡಿದ್ದು, 1940ರ ದಶಕದಲ್ಲಿ. ಆಗೆಲ್ಲ ಡಾಕ್ಟರಿಗೇ ಎಲ್ಲಾ ಗೊತ್ತು, ರೋಗಿ ಹೇಳ್ದಂಗೆ ಕೇಳ್ಬೇಕು ಅನ್ನೋ ಕಾಲ, ಈ ಮನುಷ್ಯ ರೋಗಿ ಅನ್ನೋ ಪದಾನೇ ಬಿಟ್ಟು ಕ್ಲೈಂಟ್ ಅಂದ. ಎಲ್ಲಿ ನೋವಿದೆ, ಯಾವ ಕಡೆ ಹೋಗ್ಬೇಕು ಅನ್ನೋದು ಬಂದವ್ರಿಗೇ ಗೊತ್ತಿರುತ್ತೆ ಅನ್ನೋದು ಅವ್ನ ನಂಬಿಕೆ. 1957ರ ಲೇಖನದಲ್ಲಿ ಥೆರಪಿಸ್ಟ್ ಕಡೆಯಿಂದ ಮುಖ್ಯವಾಗಿ ಮೂರು ಬೇಕು ಅಂತಾನೆ: ನಿಮ್ಮ ಜಾಗದಲ್ಲಿ ನಿಂತು ನೋಡೋದು, ನೀವು ಏನೇ ಹೇಳಿದ್ರೂ ಮುಖ ಸಿಂಡರಿಸದೆ ಒಪ್ಕೊಳ್ಳೋದು, ನಾಟಕ ಆಡದೆ ಇರೋದು. ನಿಮ್ ಮೇಡಂ ಹೇಳಿದ್ದು ಬರೀ ರಿಪೀಟ್ ಅಲ್ಲ ಅನ್ಸುತ್ತೆ, ನೀವು "ಮೊದ್ಲು ನಾನ್ಯಾಕೆ" ಅಂತ ಬಾಯ್ಬಿಟ್ಟು ಹೇಳಿದ್ರಾ? ಕೇಳಿದ್ದು ಮಾಡ್ಲಾ ಬೇಡ್ವಾ ಅಂತ ತಾನೆ.

ಟೂ_ಬೈ_ಕಾಫಿ:
ಹ್ಹಹ್ಹ ಇದನ್ನ ಕಂಪ್ಯೂಟರೇ ಮಾಡಿತ್ತು ಗುರೂ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅಂತ ಪ್ರೋಗ್ರಾಂ ಬರೆದ, ರೋಜರ್ಸ್ ಸ್ಟೈಲಲ್ಲೇ ನಾವು ಟೈಪ್ ಮಾಡಿದ್ದನ್ನ ತಿರುಗಿಸಿ ಪ್ರಶ್ನೆ ಕೇಳೋದು ಅಷ್ಟೇ. ಮಜಾ ಏನಂದ್ರೆ ಅವ್ನ ಸೆಕ್ರೆಟರಿ, ಅದು ಬರೀ ಪ್ರೋಗ್ರಾಂ ಅಂತ ಗೊತ್ತಿದ್ದೂ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವ್ನನ್ನೇ ಕಳಿಸಿದ್ಳಂತೆ.

ಗಿರ್ಮಿಟ್_ಮಿರ್ಚಿ:
ನಗಬ್ಯಾಡ್ರಿ, ಎಲ್ಲಾದಕ್ಕೂ ಇದ ಸಾಲೂದಿಲ್ಲ. ನನಗ ಓಸಿಡಿ ಐತಿ, ಅಂದ್ರ ಬ್ಯಾಡಂದ್ರೂ ಅದ ವಿಚಾರ ಬಂದು ಮಾಡಿದ್ದನ್ನ ಮತ್ತ ಮತ್ತ ಮಾಡೂ ಕಾಯಿಲೆ, ಒಬ್ರ ಕಡೆ ಆರು ತಿಂಗಳು ಕುಂತು ಮಾತಾಡಿ ಬಂದೆ, ಮನಸ್ಸು ಹಗುರ ಆತು ಖರೆ, ಆದ್ರ ಗೇಟಿನ ಕೀಲಿ ಹತ್ತ ಸಲ ಜಗ್ಗಿ ನೋಡೂದು ನಿಲ್ಲಲಿಲ್ಲ. ಆಮ್ಯಾಲೆ ಇನ್ನೊಬ್ರು ಒಂದ ಸಲ ಹಾಕಿ ತಿರುಗಿ ನೋಡದಂಗ ನಡೀರಿ ಅಂತ ದಿನಾ ಪ್ರಾಕ್ಟೀಸ್ ಮಾಡ್ಸಿದ್ರು, ಮೊದಲ ವಾರ ಕೈ ನಡಗತಿತ್ತು. ಈಗ ಎರಡಕ್ಕ ಬಂದೈತಿ. ಅಂದಂಗ ಬೋರ್ಡಿನ್ಯಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಇದ್ರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಶನ್ ನಂಬರ್ ಕೇಳ್ರಿ, ಕೇಳಾಕ ನಾಚಬ್ಯಾಡ್ರಿ.

ಪುಸ್ತಕದ_ಹುಳ:
ಮೇಲಿನವ್ರು ಹೇಳಿದ್ದು ಕರೆಕ್ಟ್, ಓಸಿಡಿಗೆ ಮಾತಿನ ಥೆರಪಿಗಳಲ್ಲಿ ಸಾಮಾನ್ಯವಾಗಿ ಮೊದ್ಲು ಸೂಚಿಸೋದು ಅಂಥ ಎಕ್ಸ್‌ಪೋಶರ್ ಥೆರಪಿನೇ, ಅಂದ್ರೆ ಭಯ ಆಗೋದನ್ನ ಎದುರಿಸಿ ಅಭ್ಯಾಸ ಮಾಡೋದು. ಅಪ್ಪ-ಮಗನ ವಿಷ್ಯ ಬೇರೆ. ಆದ್ರೂ ನಿಮಗೆ ಸಿಟ್ಟು ಬಂದಿದ್ರೆ ಇಲ್ಲಿ ಬರೆಯೋದಕ್ಕಿಂತ ಅವ್ರ ಮುಂದೇನೇ ಹೇಳಿ.

ಮಲ್ನಾಡ್_ಮಳೆ:
ನಿನ್ನೆ ಹೇಳೇಬಿಟ್ಟೆ, ನೀವು ಏನೂ ಹೇಳದೆ ಕೂತ್ರೆ ಥೇಟ್ ನಮ್ಮಪ್ಪನ ಥರ ಅಂತ. ಬಾಯಿಂದ ಬಂದ್ಮೇಲೆ ನಾನೇ ಸುಮ್ನಾದೆ. ಅವ್ರೂ ಸುಮ್ನಿದ್ರು, ಈ ಸಲ ಕಿರಿಕಿರಿ ಆಗ್ಲಿಲ್ಲ. ಮುಂದಿನ ಗುರುವಾರಕ್ಕೆ ಬುಕ್ ಮಾಡಿದೀನಿ, ಅಪ್ಪಂಗೆ ಫೋನ್ ಇನ್ನೂ ಮಾಡಿಲ್ಲ.